ಖುಲಾಸೆಯಾಗಿ ವರ್ಷಗಳೇ ಕಳೆದರೂ ದಾಖಲೆಯಲ್ಲಿ ‘ವಿಚಾರಣೆಯಲ್ಲಿದೆ’: ನ್ಯಾಯಾಲಯದ ಮಾಹಿತಿ ಸರ್ಕಾರಕ್ಕೆ ಹೋಗುವುದು ಯಾರ ಕೈಯಿಂದ?

ಕೋಡಿಬಾಗದ ಅಣ್ಣ

ಎಲ್ಲರಿಗೂ ನಮಸ್ಕಾರ. ನ್ಯಾಯಾಲಯದ ಕೆಲಸಕಾರ್ಯ ಬಲ್ಲವರು ಈ ಬಳಗದಲ್ಲಿ ಹಲವರಿದ್ದಾರೆಂಬ ಭರವಸೆಯಿಂದ ನಮ್ಮ ಮನೆಯ ಸಂಗತಿಯೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

2014ರಲ್ಲಿ ಮಳೆಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿದ ದಿನಗಳಲ್ಲಿ, ಬಲೆ ಹರಿದ ವಿಷಯಕ್ಕೆ ಬಂದರಿನಲ್ಲಿ ಎರಡು ಗುಂಪುಗಳ ನಡುವೆ ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು. ನನ್ನ ತಮ್ಮನಿಗೆ ಆಗ ಇಪ್ಪತ್ತೊಂದು ವರ್ಷ. ದೂರಿನಲ್ಲಿದ್ದ ಹನ್ನೊಂದು ಹೆಸರುಗಳಲ್ಲಿ ಅವನದು ಒಂಬತ್ತನೆಯದು. ಅಕ್ರಮ ಕೂಟ, ದೊಂಬಿ, ಹಲ್ಲೆ, ಬೈಗುಳ, ಬೆದರಿಕೆ ಎಂದು ಆಗಿನ ದಂಡ ಸಂಹಿತೆಯ 143, 147, 323, 504, 506ನೇ ಕಲಂಗಳನ್ನು 149ರ ಜೊತೆ ಹಾಕಿದ್ದರು. ನಾಲ್ಕು ವರ್ಷ ತಾರೀಖಿನಿಂದ ತಾರೀಖಿಗೆ ಓಡಾಡಿದ ಮೇಲೆ 2018ರಲ್ಲಿ ಸಾಕ್ಷಿಗಳು ಪೂರಕವಾಗಿ ನುಡಿಯಲಿಲ್ಲವಾಗಿ ಖುಲಾಸೆಯಾಯಿತು. ಆ ದಿನ ಅಮ್ಮ ದೇವರಿಗೆ ಹಣ್ಣುಕಾಯಿ ಮಾಡಿಸಿ, ಇನ್ನು ಮುಗಿಯಿತು ಎಂದಿದ್ದರು.

ಕಳೆದ ತಿಂಗಳು ತಮ್ಮನಿಗೆ ಒಂದು ಗುತ್ತಿಗೆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅವರು ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಿದ್ದರಿಂದ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆವು. ಬಂದ ಉತ್ತರದಲ್ಲಿ ಅವನ ಹೆಸರಿನ ಎದುರು ಅದೇ ಅಪರಾಧ ಸಂಖ್ಯೆಯನ್ನು ಬರೆದು, ‘ಪ್ರಕರಣವು ನ್ಯಾಯಾಲಯದಲ್ಲಿ ವಿಚಾರಣೆಯಲ್ಲಿದೆ’ ಎಂದು ನಮೂದಿಸಿದ್ದರು. ನ್ಯಾಯಾಧೀಶರು ತೆರೆದ ನ್ಯಾಯಾಲಯದಲ್ಲಿ ಕೊಟ್ಟ ತೀರ್ಪು ಇಷ್ಟು ವರ್ಷಗಳಲ್ಲಿ ಸರ್ಕಾರದ ಇನ್ನೊಂದು ಕಡತವನ್ನು ಏಕೆ ತಲುಪಿಲ್ಲ? ನಮ್ಮ ತಾಲೂಕಿನ ಒಂದು ಪ್ರಕರಣದ್ದೇ ಈ ಗತಿಯಾದರೆ, ದೇಶದಲ್ಲಿ ಇಷ್ಟು ಅಪರಾಧ, ಇಷ್ಟು ಜನರಿಗೆ ಶಿಕ್ಷೆ ಎಂದು ವರ್ಷವರ್ಷವೂ ಪ್ರಕಟವಾಗುವ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬೇಕು?

ಶಿರಸಿಯ ವಕೀಲ

ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ದಾರಿಗಳು ಸೇರಿಕೊಂಡಿವೆ. ಮೊದಲು ಅವನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ನ್ಯಾಯಾಲಯದ ದಾರಿ. ಇ-ಕೋರ್ಟ್ಸ್ ಯೋಜನೆಯಡಿ ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳೆಲ್ಲ ಸಿಐಎಸ್ ಎಂಬ ಒಂದೇ ತಂತ್ರಾಂಶವನ್ನು ಬಳಸುತ್ತವೆ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬೀಳುತ್ತದೆ. ಅಲ್ಲಿ ಬರೆದದ್ದು ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲಕ್ಕೆ, ಅಂದರೆ ಎನ್‌ಜೆಡಿಜಿಗೆ ಸೇರುತ್ತದೆ. 2015ರಿಂದ ಅದನ್ನು ಯಾರು ಬೇಕಾದರೂ ನೋಡಬಹುದು.

ಎರಡನೆಯದು ಪೊಲೀಸರ ದಾರಿ. ಠಾಣೆಯ ದಾಖಲೆ, ದೇಶದ ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಎಂಬ ಜಾಲದಲ್ಲಿರುತ್ತದೆ. ಅಲ್ಲಿಂದ ಜಿಲ್ಲೆಯ ಮತ್ತು ರಾಜ್ಯದ ಅಪರಾಧ ದಾಖಲೆ ವಿಭಾಗಗಳ ಮೂಲಕ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋಗೆ, ಅಂದರೆ ಎನ್‌ಸಿಆರ್‌ಬಿಗೆ ಹೋಗುತ್ತದೆ. ಈ ಜಾಲದಲ್ಲಿ ಏಳು ನಮೂನೆಗಳಿವೆ: ಪ್ರಥಮ ವರ್ತಮಾನ ವರದಿ ಒಂದನೆಯದು, ಆರೋಪಪಟ್ಟಿ ಐದನೆಯದು, ನ್ಯಾಯಾಲಯದ ವಿಲೇವಾರಿ ಆರನೆಯದು, ಮೇಲ್ಮನವಿಯ ಫಲಿತಾಂಶ ಏಳನೆಯದು. ಮೊದಲ ಐದು ನಮೂನೆಗಳ ಮಾಹಿತಿ ಠಾಣೆಯ ಕೈಯಲ್ಲೇ ಇರುವುದರಿಂದ ಭರ್ತಿಯಾಗುತ್ತವೆ. ಆರನೆಯದಕ್ಕೆ ನ್ಯಾಯಾಲಯದಿಂದ ಯಾರಾದರೂ ಮಾಹಿತಿ ತರಬೇಕು. ಕೋರ್ಟ್ ಕರ್ತವ್ಯದ ಪೇದೆ ಬರೆದು ತಂದ ಚೀಟಿಯೇ ಅದಕ್ಕೆ ಆಧಾರವಾಗಿದ್ದ ಕಾಲವನ್ನು ನಾನೇ ನೋಡಿದ್ದೇನೆ. ಆ ಪೇದೆಗೆ ವರ್ಗವಾದರೆ ನಮೂನೆ ಖಾಲಿ ಉಳಿಯುತ್ತದೆ. ನಿಮ್ಮ ತಮ್ಮನ ವಿಷಯದಲ್ಲಿ ಹೀಗೇ ಆಗಿರಬೇಕು.

ಅಂಕೋಲೆಯ ಓದುಗ

ವಕೀಲರೇ, ಹಾಗಾದರೆ ಎನ್‌ಸಿಆರ್‌ಬಿ ವರ್ಷವರ್ಷವೂ ಹೊರತರುವ ‘ಕ್ರೈಂ ಇನ್ ಇಂಡಿಯಾ’ ವರದಿಯಲ್ಲಿ ನ್ಯಾಯಾಲಯಗಳ ವಿಲೇವಾರಿ ಎಂದು ಬರುವ ಕೋಷ್ಟಕಗಳನ್ನು ನ್ಯಾಯಾಲಯಗಳು ಕೊಟ್ಟದ್ದಲ್ಲವೇ?

ಶಿರಸಿಯ ವಕೀಲ

ಅಲ್ಲ. ಅವು ರಾಜ್ಯಗಳ ಪೊಲೀಸರು ಒಪ್ಪಿಸಿದ ಅಂಕಿಗಳು. ಎನ್‌ಸಿಆರ್‌ಬಿ ಗೃಹ ಸಚಿವಾಲಯದ ಅಧೀನದಲ್ಲಿದೆ, ಸಿಐಎಸ್ ಮತ್ತು ಎನ್‌ಜೆಡಿಜಿಗಳು ಸುಪ್ರೀಂ ಕೋರ್ಟಿನ ಇ-ಸಮಿತಿಯ ಮಾರ್ಗದರ್ಶನದಲ್ಲಿ ನಡೆಯುತ್ತವೆ. ಒಂದೇ ತೀರ್ಪನ್ನು ಎರಡು ಸಂಸ್ಥೆಗಳು ಎರಡು ಕಡೆಯಿಂದ ಎಣಿಸುತ್ತವೆ.

ಅಂಕೋಲೆಯ ಓದುಗ

ವರದಿ ಕೈಗೆ ಬಂದ ದಿನವೇ ಶಾಲೆಯ ಮಕ್ಕಳಿಗೆ ಶಿಕ್ಷೆಯ ಪ್ರಮಾಣ ಇಷ್ಟು ಎಂದು ಹೇಳಿ, ಇದು ನ್ಯಾಯಾಲಯದ ಲೆಕ್ಕ ಎಂದೇ ಕಲಿಸಿದ್ದೇನೆ. ಮುಂದಿನ ತರಗತಿಯಲ್ಲಿ ತಿದ್ದಿ ಹೇಳುವೆ.

ಕುಮಟೆಯ ನಿವೃತ್ತ ಶಿರಸ್ತೇದಾರ

ಕೋಡಿಬಾಗದ ತಮ್ಮಾ, ವಕೀಲರು ಹೇಳಿದ್ದು ಸರಿಯೇ. ಆದರೂ ಪೇದೆಯ ಮೇಲೆ ತಪ್ಪು ಹೊರಿಸುವ ಮೊದಲು ಒಂದು ಮಾತು ಕೇಳುತ್ತೇನೆ. ಆ ಹನ್ನೊಂದು ಜನರಲ್ಲಿ ನ್ಯಾಯಾಲಯಕ್ಕೆ ಒಮ್ಮೆಯೂ ಬಾರದವರು, ಇಲ್ಲವೇ ನಡುವೆ ಬರುವುದನ್ನು ಬಿಟ್ಟವರು ಯಾರಾದರೂ ಇದ್ದರೇ?

ಕೋಡಿಬಾಗದ ಅಣ್ಣ

ಇದ್ದರು ರಾಯರೇ. ನಾಲ್ಕನೆಯ ಆರೋಪಿ ಜಾಮೀನು ಪಡೆದ ವರ್ಷವೇ ಕೊಲ್ಲಿ ದೇಶಕ್ಕೆ ದುಡಿಯಲು ಹೋದವನು ಮತ್ತೆ ಬರಲಿಲ್ಲ. ಉಳಿದ ಹತ್ತು ಜನರ ವಿಚಾರಣೆ ಮಾತ್ರ ನಡೆಯಿತು.

ಕುಮಟೆಯ ನಿವೃತ್ತ ಶಿರಸ್ತೇದಾರ

ನನ್ನ ಅನುಮಾನ ಅದೇ ಆಗಿತ್ತು. ಒಬ್ಬ ಆರೋಪಿ ತಲೆಮರೆಸಿಕೊಂಡು, ವಾರಂಟ್ ಜಾರಿಯಾಗದೆ ಮರಳಿ ಬರುತ್ತಿದ್ದರೆ, ಉಳಿದವರು ಅನಿರ್ದಿಷ್ಟ ಕಾಲ ಕಾಯಬೇಕಾಗುತ್ತದೆ. ಆಗ ಮ್ಯಾಜಿಸ್ಟ್ರೇಟರು ಅವನೊಬ್ಬನ ಪ್ರಕರಣವನ್ನು ಬೇರ್ಪಡಿಸಲು ಆದೇಶಿಸುತ್ತಾರೆ. ನ್ಯಾಯಾಲಯದ ಕಚೇರಿಯಲ್ಲಿ ನಾವು ಅದನ್ನು ಸ್ಪ್ಲಿಟ್ ಅಪ್ ಎನ್ನುತ್ತೇವೆ. ಬೇರ್ಪಟ್ಟದ್ದಕ್ಕೆ ಹೊಸ ಸಿ.ಸಿ. ಸಂಖ್ಯೆ, ಅಂದರೆ ನ್ಯಾಯಾಲಯದ ಪ್ರಕರಣ ಸಂಖ್ಯೆ ಬೀಳುತ್ತದೆ. ಅವನು ಎಷ್ಟು ಕಾಲವಾದರೂ ಸಿಗದಿದ್ದರೆ ಅದು ದೀರ್ಘಕಾಲದ ಬಾಕಿ ಪ್ರಕರಣಗಳ ರಿಜಿಸ್ಟರಿಗೆ, ಅಂದರೆ ಎಲ್‌ಪಿಸಿಗೆ ಹೋಗುತ್ತದೆ. ನಿಮ್ಮ ತಮ್ಮನ ಸಿ.ಸಿ. 2018ರಲ್ಲಿ ಮುಗಿದಿದೆ; ನಾಲ್ಕನೆಯವನದು ಇಂದಿಗೂ ಜೀವಂತವಾಗಿದೆ. ಆದರೆ ಠಾಣೆಯ ಅಪರಾಧ ಸಂಖ್ಯೆ ಎರಡಕ್ಕೂ ಒಂದೇ. ಠಾಣೆಯವರು ಸಂಖ್ಯೆಯನ್ನಷ್ಟೇ ನೋಡಿದರೆ ‘ವಿಚಾರಣೆಯಲ್ಲಿದೆ’ ಎಂದೇ ಕಾಣುತ್ತದೆ, ಮತ್ತು ಆ ಸಂಖ್ಯೆಯ ಮಟ್ಟಿಗೆ ಅದು ಸುಳ್ಳೂ ಅಲ್ಲ. ಎಡವಿದ್ದು ಎಲ್ಲಿ ಎಂದರೆ, ಪ್ರಕರಣದ ಸ್ಥಿತಿಯನ್ನೇ ವ್ಯಕ್ತಿಯ ಸ್ಥಿತಿಯೆಂದು ಬರೆದುಬಿಟ್ಟದ್ದರಲ್ಲಿ.

ನೀವೇ ಪರೀಕ್ಷಿಸಬಹುದು. ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರಕರಣದ ಸ್ಥಿತಿಗೆ ಹೋಗಿ, ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣವನ್ನು ಆರಿಸಿ, ಪ್ರಥಮ ವರ್ತಮಾನ ವರದಿ ಎಂಬ ಭಾಗದಲ್ಲಿ ಠಾಣೆಯ ಹೆಸರು, ಸಂಖ್ಯೆ, ವರ್ಷ ಕೊಡಿ. ಬಾಕಿ ಮತ್ತು ವಿಲೇವಾರಿ ಎರಡನ್ನೂ ನೋಡಬೇಕು. ಒಂದನ್ನೇ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ.

ಕೋಡಿಬಾಗದ ಅಣ್ಣ

ರಾಯರೇ, ಈಗಷ್ಟೇ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ವಿಲೇವಾರಿಯಲ್ಲಿ ಒಂದು ಸಾಲು, ಬಾಕಿಯಲ್ಲಿ ಇನ್ನೊಂದು ಸಾಲು. ಠಾಣೆ ಒಂದೇ, ಅಪರಾಧ ಸಂಖ್ಯೆ ಒಂದೇ, ಸಿ.ಸಿ. ಸಂಖ್ಯೆಗಳು ಮಾತ್ರ ಬೇರೆ. ತಮ್ಮ ಪರದೆಯ ಮೇಲೆ ಬೆರಳಿಟ್ಟು ಮೊದಲ ಸಾಲನ್ನು ಎರಡು ಸಲ ಓದಿದ. ತನ್ನ ಬಿಡುಗಡೆಯನ್ನು ಸರ್ಕಾರದ ಅಕ್ಷರದಲ್ಲಿ ಅವನು ಕಂಡದ್ದು ಇದೇ ಮೊದಲು. ನಿಮಗೆ ಹೇಗೆ ಕೃತಜ್ಞತೆ ಹೇಳಲಿ?

ಭಟ್ಕಳದ ವರದಿಗಾರ

ಶಿರಸ್ತೇದಾರರ ವಿವರಣೆ ಈ ಒಂದು ಕುಟುಂಬಕ್ಕಷ್ಟೇ ಅಲ್ಲ, ಅಂಕಿಅಂಶ ಬರೆಯುವ ನಮ್ಮಂಥವರಿಗೂ ಪಾಠ. ಬಂದರಿನ ಆ ಒಂದು ಜಗಳವನ್ನೇ ತೆಗೆದುಕೊಳ್ಳಿ. ಠಾಣೆಯಲ್ಲಿ ಅದು ಒಂದು ಪ್ರಕರಣ. ನ್ಯಾಯಾಲಯದಲ್ಲಿ ಎರಡು. ಎನ್‌ಸಿಆರ್‌ಬಿಯ ಎಣಿಕೆಯಲ್ಲಿ ಮತ್ತೆ ಒಂದು, ಅದೂ ಒಂದು ಶೀರ್ಷಿಕೆಯಲ್ಲಿ ಮಾತ್ರ: ಒಂದು ವರ್ತಮಾನ ವರದಿಯಲ್ಲಿ ಐದಾರು ಕಲಂಗಳಿದ್ದರೂ ಹೆಚ್ಚಿನ ಶಿಕ್ಷೆಯಿರುವ ಮುಖ್ಯ ಅಪರಾಧ ಯಾವುದೋ ಅದರಡಿಯಲ್ಲೇ ಎಣಿಸುತ್ತಾರೆ. ಅತ್ಯಾಚಾರ ಮಾಡಿ ಕೊಂದ ಪ್ರಕರಣ ಕೊಲೆಯ ಕೋಷ್ಟಕಕ್ಕೆ ಹೋಗುತ್ತದೆಂದರೆ ಇದರ ಗಂಭೀರತೆ ತಿಳಿದೀತು. ಆದ್ದರಿಂದ ಎನ್‌ಜೆಡಿಜಿಯ ಬಾಕಿಯನ್ನು ಎನ್‌ಸಿಆರ್‌ಬಿಯ ಬಾಕಿಯ ಪಕ್ಕದಲ್ಲಿಟ್ಟು, ವ್ಯತ್ಯಾಸ ಕಂಡೊಡನೆ ಯಾರೋ ಮುಚ್ಚಿಟ್ಟಿದ್ದಾರೆಂದು ಬರೆಯುವುದು ತಪ್ಪು. ನಾನೂ ಒಮ್ಮೆ ಹಾಗೆ ಬರೆದು, ಮರುವಾರ ತಿದ್ದುಪಡಿ ಪ್ರಕಟಿಸಿದ್ದೇನೆ.

ವೇಗದ ಮಾತೂ ಇದೆ. 2022ರ ‘ಕ್ರೈಂ ಇನ್ ಇಂಡಿಯಾ’ ಹೊರಬಂದದ್ದು 2023ರ ಡಿಸೆಂಬರಿನಲ್ಲಿ. ನ್ಯಾಯಾಲಯದ ಜಾಲ ದಿನದಿನವೂ ಬದಲಾಗುತ್ತದೆ. ಹಾಗಿದ್ದೂ ಶಿಕ್ಷೆಯ ಪ್ರಮಾಣದ ಬಗ್ಗೆ ಚರ್ಚೆ ನಡೆಯುವುದು ವರ್ಷ ಹಳೆಯದಾದ ಲೆಕ್ಕದ ಮೇಲೆಯೇ.

ಯಲ್ಲಾಪುರದ ಅಕ್ಕ

ನೀವೆಲ್ಲ ಪೊಲೀಸ್ ಠಾಣೆಯಿಂದಲೇ ಲೆಕ್ಕ ಶುರು ಮಾಡುತ್ತಿದ್ದೀರಿ. ಘಟ್ಟದ ಮೇಲಿನ ನಮಗೆ ಮೊದಲು ಎದುರಾಗುವುದು ಅರಣ್ಯ ಇಲಾಖೆ. ನಮ್ಮ ಮಾವನವರ ಮೇಲೆ ಬೆಟ್ಟದ ಅಂಚಿನಲ್ಲಿ ಬೇಲಿ ಸರಿಸಿದರೆಂದು ಪ್ರಕರಣ ಹಾಕಿದ್ದರು. ಅದು ಠಾಣೆಯ ಮುಖವನ್ನೇ ನೋಡಲಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ವಲಯ ಕಚೇರಿಯಲ್ಲೇ ಅರಣ್ಯ ಅಪರಾಧ ಪ್ರಕರಣವೆಂದು ದಾಖಲಾಗಿ, ಅಲ್ಲಿಂದ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಹೋಯಿತು. ಇದರ ಜೊತೆ 64-ಎ ಕಲಂ ಪ್ರಕಾರ ಒಕ್ಕಲೆಬ್ಬಿಸುವ ವಿಚಾರಣೆಯೂ ನಡೆಯಿತು, ಅದು ನ್ಯಾಯಾಲಯದಲ್ಲೂ ಅಲ್ಲ, ಅರಣ್ಯಾಧಿಕಾರಿಯ ಮುಂದೆ. ಈ ಎರಡೂ ಯಾರ ಲೆಕ್ಕದಲ್ಲಿವೆ? ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಪಾಲು ನೆಲ ಅರಣ್ಯವೆಂದಿರುವಾಗ, ಅತಿಕ್ರಮಣದ ಹೆಸರಿನಲ್ಲಿ ಎಷ್ಟು ಮನೆಗಳವರು ಕಟಕಟೆ ಹತ್ತಿದ್ದಾರೆಂದು ತಿಳಿಯದೆ ಇಲ್ಲಿಯ ಅಪರಾಧದ ಚಿತ್ರ ಪೂರ್ಣವಾಗುವುದಿಲ್ಲ.

ಶಿರಸಿಯ ವಕೀಲ

ಅಕ್ಕಾ, ತುಂಬ ಮುಖ್ಯವಾದ ಮಾತು. ಅರಣ್ಯ ಇಲಾಖೆಯೇ ಹೂಡಿದ ಪ್ರಕರಣ ನ್ಯಾಯಾಲಯಕ್ಕೆ ಬಂದರೆ ಸಿಐಎಸ್‌ನಲ್ಲಿ ದಾಖಲಾಗುತ್ತದೆ. ಪೊಲೀಸರ ಅಪರಾಧ ಸಂಖ್ಯೆ ಇಲ್ಲದ್ದರಿಂದ ಠಾಣೆಯ ಲೆಕ್ಕದಲ್ಲಿ ಕಾಣುವುದಿಲ್ಲ. 64-ಎ ವಿಚಾರಣೆಯಂತೂ ಎರಡರಲ್ಲೂ ಇಲ್ಲ. ಗೋವೆಯ ಮದ್ಯ ಗಡಿಯ ಮಾಜಾಳಿಯಲ್ಲಿ ಸಿಕ್ಕಾಗ ಅಬಕಾರಿ ಇಲಾಖೆಯವರೇ ಪ್ರಕರಣ ಹೂಡಿದರೆ ಅದರ ಕಥೆಯೂ ಇದೇ. ಖಾಸಗಿ ದೂರುಗಳು ಬೇರೆ ಇವೆ. ಚೆಕ್ಕು ಅಮಾನ್ಯವಾದ ಪ್ರಕರಣಗಳು ನ್ಯಾಯಾಲಯದ ಕ್ರಿಮಿನಲ್ ಬಾಕಿಯಲ್ಲಿ ಸೇರುತ್ತವೆ, ಅವುಗಳನ್ನು ದಾಖಲಿಸುವುದರಲ್ಲಿ ಪೊಲೀಸರಿಗೆ ಪಾತ್ರವೇ ಇಲ್ಲ.

ಗೋಕರ್ಣದ ಓದುಗ

ನನ್ನ ಅಭಿಪ್ರಾಯ ಬೇರೆ. ಸರ್ಕಾರಕ್ಕೆ ಬೇಕಾದದ್ದು ಸಂಖ್ಯೆ. ಎಷ್ಟು ಪ್ರಕರಣ, ಯಾವ ಕಲಂ, ಎಷ್ಟು ದಿನ ಹಿಡಿಯಿತು, ಏನು ತೀರ್ಪು ಎಂಬಷ್ಟನ್ನೇ ನ್ಯಾಯಾಲಯಗಳಿಂದ ಸಂಗ್ರಹಿಸಲಿ. ಆರೋಪಿಗಳ ಹೆಸರನ್ನು ಯಾರು ಬೇಕಾದರೂ ಹುಡುಕುವಂತೆ ಜಾಲತಾಣದಲ್ಲಿ ಇಡುವ ಅಗತ್ಯವೇನು? ಹೆಣ್ಣು ಕೊಡುವವರು ಹುಡುಕುತ್ತಾರೆ, ಮನೆ ಬಾಡಿಗೆಗೆ ಕೊಡುವವರು ಹುಡುಕುತ್ತಾರೆ, ಖುಲಾಸೆ ಎಂಬ ಪದವನ್ನು ಯಾರೂ ಓದುವುದಿಲ್ಲ.

ಹೊನ್ನಾವರದ ರೈತ

ಒಪ್ಪಲಾರೆ. ನ್ಯಾಯಾಲಯ ಬಾಗಿಲು ತೆರೆದು ನಡೆಸುವ ವಿಚಾರಣೆಯ ದಾಖಲೆಯೂ ತೆರೆದೇ ಇರಬೇಕು. ಚುನಾವಣೆಗೆ ನಿಂತವರ ಪ್ರಮಾಣಪತ್ರದಲ್ಲಿ ಬರೆದದ್ದು ನಿಜವೇ ಎಂದು ನಾವು ತಾಳೆ ನೋಡುವುದು ಎಲ್ಲಿ? ಹೆಸರು ತೆಗೆದರೆ ಬಡವನಿಗಿಂತ ಮೊದಲು ಬಲಾಢ್ಯನಿಗೇ ಲಾಭ. ಮೇಲಾಗಿ ಕೋಡಿಬಾಗದವರ ತಮ್ಮನಿಗೆ ಇಂದು ಆಧಾರವಾದದ್ದು ಅದೇ ತೆರೆದ ದಾಖಲೆಯಲ್ಲವೇ?

ಗೋಕರ್ಣದ ಓದುಗ

ಅಪರಾಧ ಸಂಖ್ಯೆಯಿಂದ ಹುಡುಕುವುದು ಬೇರೆ, ಹೆಸರಿನಿಂದ ಹುಡುಕುವುದು ಬೇರೆ. ಸಂಖ್ಯೆ ಗೊತ್ತಿರುವುದು ಸಂಬಂಧಪಟ್ಟವರಿಗೆ. ಹೆಸರು ಊರಿಗೆಲ್ಲ ಗೊತ್ತು. ನಮ್ಮ ಕಡೆ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಒಂದು ಗ್ರಾಮದಲ್ಲೇ ಹತ್ತು ಜನರಿದ್ದಾರೆ.

ಶಿರಸಿಯ ವಕೀಲ

ಕಾನೂನು ಈಗಾಗಲೇ ಕೆಲವು ಗೆರೆಗಳನ್ನು ಎಳೆದಿದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಹಿಂದೆ ದಂಡ ಸಂಹಿತೆಯ 228-ಎ ಪ್ರಕಾರ ಅಪರಾಧವಾಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರವೂ ಅಪರಾಧವೇ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಮುಗಿದ ಪ್ರಕರಣದಲ್ಲಿನ ಮಗುವಿನ ದಾಖಲೆಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಕೂಡ ಕೊಡುವಂತಿಲ್ಲ. 2017ರ ಜನವರಿಯಲ್ಲಿ ನಮ್ಮ ಹೈಕೋರ್ಟೇ ಒಬ್ಬ ಮಹಿಳೆಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಆದೇಶದೊಂದಿಗೆ ಕಾಣದಂತೆ ನೋಡಿಕೊಳ್ಳಲು ಹೇಳಿತ್ತು. 2022ರ ಅಪರಾಧ ಪ್ರಕ್ರಿಯಾ ಗುರುತಿಸುವಿಕೆ ಕಾಯ್ದೆಯಲ್ಲಿ ಬೆರಳಚ್ಚು ಮುಂತಾದವನ್ನು 75 ವರ್ಷ ಇಡಲು ಅವಕಾಶವಿದ್ದರೂ, ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ಖುಲಾಸೆಯಾದರೆ, ಕಾನೂನಿನ ದಾರಿಗಳೆಲ್ಲ ಮುಗಿದ ಬಳಿಕ, ನ್ಯಾಯಾಲಯ ಬೇರೆ ರೀತಿ ಆದೇಶಿಸದ ಹೊರತು ಅವನ್ನು ನಾಶಪಡಿಸಬೇಕು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಅಂಕಿಅಂಶದ ಉದ್ದೇಶಕ್ಕೆ ವಿನಾಯಿತಿ ಕೊಟ್ಟಿದೆ, ಆದರೆ ಆ ದತ್ತಾಂಶದಿಂದ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಬಾರದೆಂಬ ಷರತ್ತಿನೊಂದಿಗೆ.

ನಾನು ಈ ಕೊನೆಯ ಷರತ್ತನ್ನೇ ಹಿಡಿದುಕೊಳ್ಳುತ್ತೇನೆ. ಎಣಿಸಲು ಕಟ್ಟಿದ ಕಡತ ಬೇರೆ, ಒಬ್ಬನ ಕೆಲಸ ನಿರ್ಧರಿಸುವ ಕಡತ ಬೇರೆ. ಎರಡನ್ನೂ ಒಂದೇ ಖಾನೆಯಿಂದ ಓದಿದ್ದರಿಂದಲೇ ಕೋಡಿಬಾಗದವರಿಗೆ ಈ ಕಷ್ಟ ಬಂತು.

ಸಿದ್ದಾಪುರ ಮೂಲದವ, ಈಗ ಅಮೆರಿಕದಲ್ಲಿ

ಇಲ್ಲಿಯ ಸಂಗತಿಯನ್ನೂ ಸೇರಿಸುತ್ತೇನೆ. ಅಮೆರಿಕದಲ್ಲಿ ಕ್ರಿಮಿನಲ್ ಪ್ರಕರಣಗಳ ಬಹುಪಾಲು ರಾಜ್ಯ ಮತ್ತು ಕೌಂಟಿ ನ್ಯಾಯಾಲಯಗಳಲ್ಲಿ ನಡೆಯುತ್ತದೆ, ಒಂದೊಂದು ಕಡೆ ಒಂದೊಂದು ತಂತ್ರಾಂಶ, ಅಪರಾಧಗಳಿಗೆ ಒಂದೊಂದು ಬಗೆಯ ಸಂಕೇತ. ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗವಾದ ಬ್ಯೂರೋ ಆಫ್ ಜಸ್ಟಿಸ್ ಸ್ಟ್ಯಾಟಿಸ್ಟಿಕ್ಸ್ 1979ರಿಂದ ಇದೆ. ಎಲ್ಲ ನ್ಯಾಯಾಲಯಗಳಿಂದ ತರಿಸುವುದು ಸಾಧ್ಯವಾಗದೆ ಅವರು ಬಹಳ ಕಾಲ ಮಾದರಿ ಸಮೀಕ್ಷೆಯನ್ನೇ ನೆಚ್ಚಿಕೊಂಡಿದ್ದರು: ಜನಸಂಖ್ಯೆಯಲ್ಲಿ ದೊಡ್ಡದಾದ 75 ಕೌಂಟಿಗಳಿಂದ 40ನ್ನು ಆರಿಸಿ, ಸಾಮಾನ್ಯವಾಗಿ ಸಮ ಸಂಖ್ಯೆಯ ವರ್ಷಗಳ ಮೇ ತಿಂಗಳಲ್ಲಿ ಹೂಡಿದ ಗಂಭೀರ ಪ್ರಕರಣಗಳನ್ನು ಹಿಂಬಾಲಿಸುತ್ತಿದ್ದರು. ಆ ಸರಣಿ 2009ರ ಸುತ್ತಿನೊಂದಿಗೆ ನಿಂತಿತು. ಮಾಹಿತಿ ಕೊಡಬೇಕೆಂದು ಕೇಂದ್ರ ಸರ್ಕಾರ ರಾಜ್ಯದ ನ್ಯಾಯಾಲಯಗಳಿಗೆ ಆಜ್ಞೆ ಮಾಡುವಂತಿರಲಿಲ್ಲ. ನಮ್ಮ ಕಾರವಾರದ ನ್ಯಾಯಾಲಯವೂ ಕೊಹಿಮಾದ ನ್ಯಾಯಾಲಯವೂ ಒಂದೇ ತಂತ್ರಾಂಶದಲ್ಲಿ ಬರೆಯುತ್ತವೆಂದರೆ ಇಲ್ಲಿನ ಸಹೋದ್ಯೋಗಿಗಳು ನಂಬುವುದಿಲ್ಲ. ಇಷ್ಟು ದೊಡ್ಡ ಅನುಕೂಲ ಕೈಯಲ್ಲಿದ್ದೂ ಸಣ್ಣ ಬೆಸುಗೆಯೊಂದು ಕೂಡದಿರುವುದು ನನಗೆ ನೋವಿನ ವಿಷಯ.

ಭಟ್ಕಳದ ವರದಿಗಾರ

ಆ ಬೆಸುಗೆಗೂ ಯೋಜನೆಯಿದೆ. ಐಸಿಜೆಎಸ್ ಎಂದು ಹೆಸರು. ಪೊಲೀಸ್, ನ್ಯಾಯಾಲಯ, ಕಾರಾಗೃಹ, ವಿಧಿವಿಜ್ಞಾನ, ಅಭಿಯೋಜನೆ ಈ ಐದರ ಕಡತಗಳನ್ನು ಜೋಡಿಸುವುದು ಅದರ ಕೆಲಸ. ಎರಡನೆಯ ಹಂತಕ್ಕೆ 2022ರಲ್ಲಿ 3,375 ಕೋಟಿ ರೂಪಾಯಿ ಮಂಜೂರಾಯಿತು. ಇ-ಕೋರ್ಟ್ಸ್ ಮೂರನೆಯ ಹಂತಕ್ಕೆ 2023ರ ಸೆಪ್ಟೆಂಬರಿನಲ್ಲಿ ಸಂಪುಟ ಒಪ್ಪಿದ್ದು 7,210 ಕೋಟಿ.

ಕುಮಟೆಯ ನಿವೃತ್ತ ಶಿರಸ್ತೇದಾರ

ಹಣದ ಬಗ್ಗೆ ನಾನು ಮಾತನಾಡಲಾರೆ, ನಮೂದಿನ ಬಗ್ಗೆ ಮಾತನಾಡಬಲ್ಲೆ. ನಾನು ಸೇರಿದಾಗ ತಿಂಗಳ ಕೊನೆಗೆ ಉದ್ದನೆಯ ಹಾಳೆಯಲ್ಲಿ ನಾಲ್ಕು ಅಂಕಣ ಗೀಟು ಹಾಕಿ ಹಿಂದಿನ ಬಾಕಿ, ಹೊಸ ದಾಖಲು, ವಿಲೇವಾರಿ, ಉಳಿದ ಬಾಕಿ ಎಂದು ಬರೆದು ಹೈಕೋರ್ಟಿಗೆ ಕಳುಹಿಸುತ್ತಿದ್ದೆವು. ಒಂದು ಪ್ರಕರಣ ಹೆಚ್ಚುಕಡಿಮೆಯಾದರೆ ಮನೆಗೆ ಹೋಗದೆ ರಿಜಿಸ್ಟರುಗಳನ್ನು ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆವು. ಗಣಕಯಂತ್ರ ಬಂದ ಮೇಲೆ ಕೂಡಿಸುವ ಕಷ್ಟ ತಪ್ಪಿತು, ತುಂಬಬೇಕಾದ ಖಾನೆಗಳು ಮಾತ್ರ ಹತ್ತು ಪಟ್ಟಾದವು. ಸಂಜೆ ಐದರ ನಂತರ, ದಿನದ ಐವತ್ತು ಅರವತ್ತು ಪ್ರಕರಣಗಳ ಮುಂದಿನ ತಾರೀಖು, ಹಂತ, ವಿಳಂಬದ ಕಾರಣ ಇವನ್ನೆಲ್ಲ ಬೆಂಚ್ ಕ್ಲರ್ಕ್ ಒಬ್ಬರೇ ತುಂಬಬೇಕು. ಹಳೆಯ ಪ್ರಕರಣಗಳನ್ನು ಏರಿಸುವಾಗ ಠಾಣೆ ಮತ್ತು ಅಪರಾಧ ಸಂಖ್ಯೆಯ ಖಾನೆಯನ್ನು ಅವಸರದಲ್ಲಿ ಬಿಟ್ಟದ್ದೂ ಉಂಟು. ಆ ಖಾನೆ ಖಾಲಿಯಿದ್ದರೆ ಯಾವ ಜಾಲವೂ ನ್ಯಾಯಾಲಯದ ಪ್ರಕರಣವನ್ನು ಠಾಣೆಯ ಪ್ರಕರಣಕ್ಕೆ ಜೋಡಿಸಲಾರದು. ಆ ಖಾನೆಗಳನ್ನು ತುಂಬಲು ತಾಲೂಕಿಗೊಬ್ಬ ನೌಕರರನ್ನು ಕೊಡಿ ಎಂಬುದು ನನ್ನ ಬೇಡಿಕೆ.

ಅಂಕೋಲೆಯ ಓದುಗ

ಇದಕ್ಕೆ ನನ್ನ ಪೂರ್ಣ ಬೆಂಬಲ.

ಯಲ್ಲಾಪುರದ ಅಕ್ಕ

ಜೊತೆಗೆ ಅರಣ್ಯ ಪ್ರಕರಣಕ್ಕೂ ಒಂದು ಖಾನೆ ಇರಲಿ. ವಲಯ ಕಚೇರಿಯ ಪ್ರಕರಣ ಸಂಖ್ಯೆಯನ್ನು ಬರೆಯುವ ಜಾಗವೇ ಇಲ್ಲವೆಂದು ನಮ್ಮ ವಕೀಲರಿಗೆ ಒಮ್ಮೆ ಹೇಳಿದ್ದರು.

ಹೊನ್ನಾವರದ ರೈತ

ಕೋಡಿಬಾಗದವರೇ, ಮುಂದೇನಾಯಿತು? ಕಂಪನಿಯವರು ಕಾಯುತ್ತಾರೆಯೇ?

ಶಿರಸಿಯ ವಕೀಲ

ಅವರು ಕಾಯದಿದ್ದರೂ ಒಂದು ಮಾತು ನೆನಪಿರಲಿ. ಅರ್ಜಿಯಲ್ಲಿ ಪ್ರಕರಣವನ್ನು ಮುಚ್ಚಿಡಬೇಡಿ. ಖುಲಾಸೆಯನ್ನೂ ಸೇರಿಸಿ ಇದ್ದದ್ದನ್ನು ಇದ್ದಂತೆ ಬರೆಯಿರಿ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ಉದ್ಯೋಗಾಕಾಂಕ್ಷಿ ಸತ್ಯವನ್ನೇ ಹೇಳಬೇಕು ಎಂದಿತು. ಉದ್ಯೋಗ ಕೊಡುವವರೂ ಆರೋಪದ ಸ್ವರೂಪ ಮತ್ತು ಫಲಿತಾಂಶವನ್ನು ನೋಡಿ ವಿವೇಚನೆಯಿಂದ ತೀರ್ಮಾನಿಸಬೇಕು ಎಂದಿತು. ತೀರ್ಪಿನ ದೃಢೀಕೃತ ನಕಲು, ಬೇರ್ಪಡಿಸಿದ ಆದೇಶದ ನಕಲು, ಇ-ಕೋರ್ಟ್ಸ್ ಜಾಲತಾಣದ ಎರಡೂ ಪುಟಗಳ ಮುದ್ರಿತ ಪ್ರತಿ ಇಷ್ಟನ್ನು ಮನವಿಗೆ ಲಗತ್ತಿಸಿ ಠಾಣೆಗೂ ಜಿಲ್ಲಾ ಪೊಲೀಸ್ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

ಕೋಡಿಬಾಗದ ಅಣ್ಣ

ಹನ್ನೆರಡು ದಿನಗಳ ನಂತರ ಮರಳಿ ಬರೆಯುತ್ತಿದ್ದೇನೆ. ವಕೀಲರು ಹೇಳಿದಂತೆಯೇ ಮಾಡಿದೆವು. ನಕಲು ವಿಭಾಗದಲ್ಲಿ ಕಡತ ಹುಡುಕಲು ನಾಲ್ಕು ದಿನ ಹಿಡಿಯಿತು. ಹಳದಿಯಾದ ಕಟ್ಟನ್ನು ಬಿಚ್ಚಿದಾಗ ತಮ್ಮನ 2014ರ ಸಹಿ ಜಾಮೀನು ಮುಚ್ಚಳಿಕೆಯ ಮೇಲೆ ಹಾಗೇ ಇತ್ತು. ಠಾಣೆಯ ಬರಹಗಾರರು ಎರಡೂ ಸಿ.ಸಿ. ಸಂಖ್ಯೆಗಳನ್ನು ತಾಳೆ ನೋಡಿ, ಹತ್ತು ಆರೋಪಿಗಳ ಎದುರು ಖುಲಾಸೆ ಎಂದು ನಮೂದಿಸಿ, ನಾಲ್ಕನೆಯವನ ಎದುರು ಮಾತ್ರ ಬಾಕಿ ಎಂದು ಉಳಿಸಿದರು. ಉಳಿದ ಒಂಬತ್ತು ಜನರಿಗೆ ಇದು ಗೊತ್ತೂ ಇಲ್ಲ. ಇಂದು ಸಂಜೆ ಬಂದರಿಗೆ ಹೋಗಿ ಹೇಳಬೇಕು. ಹೊಸ ಪ್ರಮಾಣಪತ್ರಕ್ಕೆ ಮತ್ತೆ ಅರ್ಜಿ ಹಾಕಿದ್ದೇವೆ. ಕಂಪನಿಯವರು ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ.

ಕುಮಟೆಯ ನಿವೃತ್ತ ಶಿರಸ್ತೇದಾರ

ಸಂತೋಷ ತಮ್ಮಾ. ಇನ್ನೊಂದನ್ನು ನೋಡಿಬಿಡಿ. ಬಾಕಿ ಇರುವ ಪ್ರಕರಣದ ಪುಟವನ್ನು ತೆರೆದು, ಆರೋಪಿಗಳ ಹೆಸರಿನ ಜಾಗದಲ್ಲಿ ನಾಲ್ಕನೆಯವನ ಹೆಸರೊಂದೇ ಇದೆಯೇ ಎಂದು ಓದಿ. ಬೇರ್ಪಡಿಸುವಾಗ ಹಳೆಯ ಪಟ್ಟಿಯನ್ನೇ ಇಡಿಯಾಗಿ ಸೇರಿಸಿದ್ದನ್ನು ನಾನು ಕಂಡಿದ್ದೇನೆ.

ಕೋಡಿಬಾಗದ ಅಣ್ಣ

ನೋಡಿದೆ ರಾಯರೇ. ಅವನೊಬ್ಬನದೇ ಹೆಸರಿದೆ. ತಮ್ಮನ ಹೆಸರು ಅಲ್ಲಿಲ್ಲ.